ಎರಡು ಕೀಲಿ, ಒಬ್ಬ ಅಳಿಯ

“ಇವತ್ತು ಸಂಜೆಯೊಳಗೆ ನಿಮ್ಮಪ್ಪ ಅಮ್ಮನ ಬಾಯಿ ಬಿಡಿಸದೇ ಹೋದ್ರೆ ಮೀಸೆ ಬೋಳಿಸ್ಕೊಂಡು ಬಿಡ್ತೀನಿ, ನೋಡ್ತಿರು!”

ಹೀಗೆ ಗುಡುಗಿದವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಗುಡುಗಿದ ಜಾಗ ಬಚ್ಚಲುಮನೆಯ ಬಾಗಿಲು. ಬಾಯಲ್ಲಿ ಬ್ರಷ್ಷು, ಬ್ರಷ್ಷಿನ ಸುತ್ತ ನೊರೆ.

“ಮೊದಲು ಮೀಸೆ ಬೆಳೆಸಿ. ಬೋಳಿಸೋ ಮಾತು ಆಮೇಲೆ,” ಎಂದಳು ಹೆಂಡತಿ.

ಮೇಷ್ಟ್ರ ಮೇಲ್ದುಟಿ ಹೊಸ ಬಲ್ಬಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆದರೂ ಅವರು ಜಗ್ಗುವ ಆಸಾಮಿಯಲ್ಲ.

“ಲೇ, ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗೋರನ್ನ ದಾರಿಗೆ ತಂದಿದೀನಿ. ಬ್ರೇಕ್ ಹಿಡೀರಿ ಅಂದ್ರೆ ಕಣ್ಣು ಮುಚ್ಕೊಂಡು ನನ್ನ ಕೈ ಹಿಡಿಯೋರನ್ನ ದಾರಿಗೆ ತಂದಿದೀನಿ. ಇವೆರಡು ಹಳೇ ಗಾಡಿ ಯಾವ ಮಹಾ?”

“ಶ್! ಹಳೇ ಗಾಡಿ ಒಳಗೇ ಇದೆ. ಕಾಫಿ ಕುಡೀತಿದೆ.”

ಮೇಷ್ಟ್ರು ನೊರೆಯನ್ನು ಗುಳಕ್ಕನೆ ನುಂಗಿದರು.

ಮೇಷ್ಟ್ರ ಆವೇಶಕ್ಕೆ ಕಾರಣವಿತ್ತು. ಅತ್ತೆ ಸೂಟ್‌ಕೇಸ್ ಹಿಡಿದು ಮಗಳ ಮನೆಗೆ ಬಂದು ಕೂತು ತಿಂಗಳ ಮೇಲಾಗಿತ್ತು. ಮನೆಯಲ್ಲಿರುವುದು ಒಂದೇ ಮಲಗುವ ಕೋಣೆ. ಅದರಲ್ಲಿ ತಾಯಿ ಮಗಳು. ಮೇಷ್ಟ್ರಿಗೆ ಹಾಲಿನ ಸೋಫಾ. ಆ ಸೋಫಾ ಎಷ್ಟು ಗಿಡ್ಡವೆಂದರೆ, ತಲೆಗೆ ನಿದ್ದೆ ಬಂದರೆ ಕಾಲಿಗೆ ಬರುತ್ತಿರಲಿಲ್ಲ, ಕಾಲಿಗೆ ಜಾಗ ಸಿಕ್ಕರೆ ಕುತ್ತಿಗೆ ಹೊರಗೆ ಜೋತಾಡುತ್ತಿತ್ತು. ಬೆಳಿಗ್ಗೆ ಎದ್ದು ಶಿಷ್ಯರಿಗೆ “ಕುತ್ತಿಗೆ ತಿರುಗಿಸಿ ಹಿಂದೆ ನೋಡಿ” ಎಂದು ಹೇಳಿಕೊಡಬೇಕಾದ ಮೇಷ್ಟ್ರಿಗೇ ಕುತ್ತಿಗೆ ತಿರುಗುತ್ತಿರಲಿಲ್ಲ!

ಇಷ್ಟಕ್ಕೂ ಜಗಳ ಯಾವುದಕ್ಕೆ? ಡಬ್ಬಿಗಳಿಗೆ!

ಮಾವ ಬ್ಯಾಂಕಿನಲ್ಲಿ ಅಕೌಂಟೆಂಟ್ ಆಗಿದ್ದವರು, ಅತ್ತೆ ಅದೇ ಬ್ಯಾಂಕಿನ ಹೆಡ್ ಕ್ಯಾಷಿಯರ್. ಇಬ್ಬರೂ ಈಗ ನಿವೃತ್ತರು. ಒಂದು ಮಧ್ಯಾಹ್ನ ಅತ್ತೆ ಮಂಡಿನೋವೆಂದು ಡಾಕ್ಟರ ಬಳಿ ಹೋಗಿ ಬರುವಷ್ಟರಲ್ಲಿ ಮಾವ ಅಡುಗೆಮನೆಯನ್ನು ‘ವ್ಯವಸ್ಥೆಗೆ’ ತಂದಿದ್ದರು. ಯಾವ ವ್ಯವಸ್ಥೆ? ವರ್ಣಮಾಲೆಯ ವ್ಯವಸ್ಥೆ! ಅ ಮೊದಲ ಅಕ್ಷರವಾದ್ದರಿಂದ ಅಕ್ಕಿಯ ದೊಡ್ಡ ಡಬ್ಬಿ ಸೂರಿಗೆ ತಾಗುವ ಮೇಲಿನ ಹಲಗೆಗೆ ಏರಿತು. ಅದರ ಕೆಳಗೆ ಉಪ್ಪು, ಎಣ್ಣೆ. ನಡುವೆ ಬೇಳೆ, ಮೆಣಸು. ಸಕ್ಕರೆ ಮತ್ತು ಹಿಟ್ಟು ನೆಲಕ್ಕೆ. ಅಂದರೆ ಟೀ ಮಾಡಬೇಕಾದರೆ ಅತ್ತೆ ಸಾಷ್ಟಾಂಗ ಬೀಳಬೇಕು, ಅನ್ನ ಮಾಡಬೇಕಾದರೆ ಆಕಾಶಕ್ಕೆ ಏಣಿ ಹಾಕಬೇಕು!

ಅತ್ತೆ ಆ ಡಬ್ಬಿಗಳನ್ನು ನೋಡಿದರು, ಮಾವನನ್ನು ನೋಡಿದರು, ಸೂಟ್‌ಕೇಸ್ ತೆಗೆದರು. “ನನ್ನ ಒಂದು ಮಾತು ಕೇಳದೆ ನನ್ನ ಅಡುಗೆಮನೆ ಮುಟ್ಟಿದೋರ ಹತ್ರ ನನಗೇನು ಮಾತು?” ಎಂದು ಮಗಳಿಗೆ ಹೇಳಿದ್ದೇ ಕೊನೆ. “ಸಹಾಯ ಮಾಡಿದ್ದೇ ತಪ್ಪಾದ್ರೆ ನಾನ್ಯಾಕೆ ಕರೀಲಿ? ದಾರಿ ಗೊತ್ತಲ್ಲ, ಬರ್ಲಿ,” ಎಂದು ಮಾವನೂ ಪಟ್ಟು ಹಿಡಿದರು.

ಹಾಗಂತ ಇಬ್ಬರೂ ಸುಖವಾಗಿದ್ದರೇ? ಎಲ್ಲಿ ಬಂತು! ಸಂಜೆಯಾದರೆ ಅತ್ತೆ ಕಿಟಕಿಗೆ ಅಂಟಿಕೊಂಡು ರಸ್ತೆ ನೋಡುತ್ತಿದ್ದರು. ಯಾಕತ್ತೆ ಎಂದರೆ “ಗಾಳಿಗೆ” ಎನ್ನುತ್ತಿದ್ದರು. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು. ಅತ್ತ ಮಾವ ದಿನಾ ಮಗಳಿಗೆ ಫೋನ್ ಮಾಡಿ, “ಮನೇಲಿ ಎಲ್ರೂ ಹುಷಾರಾ?” ಎನ್ನುತ್ತಿದ್ದರು. “ಹೂಂ ಅಪ್ಪ” ಎಂದರೆ ಫೋನಿಡುತ್ತಿರಲಿಲ್ಲ. “ಎಲ್ರೂ ಅಂದ್ರೆ... ಎಲ್ರೂ ತಾನೇ? ಮಂಡಿ ಗಿಂಡಿ ಎಲ್ಲಾ?” ಎಂದು ಎಳೆಯುತ್ತಿದ್ದರು. ಔಷಧಿ ಅಂಗಡಿ ನಡೆಸುವ ಮಗಳು ಬೀದಿಯ ತಲೆನೋವಿಗೆಲ್ಲ ಮಾತ್ರೆ ಕೊಡುವವಳು. ಈ ತಲೆನೋವಿಗೆ ಮಾತ್ರ ಅವಳ ಕಪಾಟಿನಲ್ಲೂ ಮಾತ್ರೆ ಇರಲಿಲ್ಲ.

ಆಗಲೇ ಮೇಷ್ಟ್ರ ತಲೆಯಲ್ಲಿ ಹೆಡ್‌ಲೈಟ್ ಹೊತ್ತಿಕೊಂಡಿದ್ದು. ಅತ್ತೆ ಮಾವ ಜೀವಮಾನವೆಲ್ಲ ದುಡಿದ ಆ ಹಳೆಯ ಬ್ಯಾಂಕ್ ಕಟ್ಟಡವಿದೆಯಲ್ಲ, ಕಂಬಗಳು, ಗುಮ್ಮಟ, ಕಲ್ಲಿನ ಮೆಟ್ಟಿಲು ಎಲ್ಲ ಇರುವುದು, ಅದು ಈಗ ಚಿತ್ರಕಲೆಯ ಗ್ಯಾಲರಿಯಾಗಿತ್ತು. ಬ್ಯಾಂಕು ಹೊಸ ಗಾಜಿನ ಕಟ್ಟಡಕ್ಕೆ ಹೋಗಿತ್ತು, ಹಳೆಯ ಗೋಡೆಗಳಿಗೆ ಚಿತ್ರಗಳು ಬಂದಿದ್ದವು.

ಅವರಿಬ್ಬರಿಗೂ ಮದುವೆಯಾಗಿದ್ದೇ ಆ ಕಟ್ಟಡದ ದೆಸೆಯಿಂದ. ಹಣ ಇಡುವ ಸ್ಟ್ರಾಂಗ್ ರೂಮಿನ ಕಬ್ಬಿಣದ ಗ್ರಿಲ್ ಗೇಟಿಗೆ ಎರಡು ಬೀಗ. ಒಂದರ ಕೀಲಿ ಕ್ಯಾಷಿಯರ್ ಹತ್ತಿರ, ಇನ್ನೊಂದರದು ಅಕೌಂಟೆಂಟ್ ಹತ್ತಿರ. ಒಬ್ಬರೇ ಬಂದರೆ ಬಾಗಿಲು ತೆರೆಯುವ ಹಾಗೇ ಇಲ್ಲ. ಹಾಕುವಾಗ ಒಬ್ಬರಾದ ಮೇಲೊಬ್ಬರು ತಿರುಗಿಸಿದರೆ ಸಾಕು. ತೆಗೆಯುವಾಗ ಮಾತ್ರ ಎರಡು ಕೀಲಿಯೂ ಒಟ್ಟಿಗೇ ತಿರುಗಬೇಕು, ಒಂದು ಉಸಿರು ಹೆಚ್ಚುಕಡಿಮೆಯಾದರೂ ಅಲ್ಲಾಡದು. ಹೀಗಾಗಿ ದಿನಾ ಬೆಳಿಗ್ಗೆ ಆ ತರುಣ ಅಕೌಂಟೆಂಟ್ “ಆಯ್ತಾ?” ಎನ್ನುತ್ತಿದ್ದ, ಆ ತರುಣಿ ಕ್ಯಾಷಿಯರ್ “ಆಯ್ತು” ಎನ್ನುತ್ತಿದ್ದಳು, ಇಬ್ಬರೂ ತಿರುಗಿಸುತ್ತಿದ್ದರು. ಒಬ್ಬರಿಲ್ಲದೆ ಒಬ್ಬರಿಗೆ ಬಾಗಿಲೇ ತೆರೆಯದ ಮೇಲೆ ಮದುವೆಯಾಗದೆ ಇನ್ನೇನಾಗುತ್ತದೆ? ಗಂಡ ಹೆಂಡತಿಯರ ಕೈಗೆ ಎರಡೂ ಕೀಲಿ ಕೊಡಬಾರದೆಂದು ಮೇಲಿನವರು ಗೊಣಗಿದರಂತೆ. ಆದರೆ ಆ ಮೊಂಡು ಬೀಗಗಳು ಬೇರೆ ಯಾರ ಕೈಗೂ ಬಗ್ಗದಿದ್ದಾಗ ಬಾಯಿ ಮುಚ್ಚಿಕೊಂಡರಂತೆ. ಇನ್ನೂ ಒಂದು ನಿಯಮವಿತ್ತು: ಕೀಲಿ ಹಿಡಿದ ಇಬ್ಬರು ಒಂದೇ ದಾರಿಯಲ್ಲಿ ಮನೆಗೆ ಹೋಗಬಾರದು. ಮದುವೆಯಾದ ಮೇಲೂ ಅದನ್ನು ಅವರು ಬಿಡಲಿಲ್ಲ. ಅತ್ತೆ ಮಾರುಕಟ್ಟೆ ದಾರಿ, ಮಾವ ಪಾರ್ಕಿನ ದಾರಿ. ಹೊರಟಿದ್ದು ಒಂದೇ ಬಾಗಿಲಿಂದ, ಸೇರಿದ್ದು ಒಂದೇ ಮನೆಗೆ, ನಡುವೆ ಮಾತ್ರ ಅಪರಿಚಿತರು!

ಮೇಷ್ಟ್ರ ಯೋಜನೆ ಇದಾಗಿತ್ತು. ತಾವು ಅತ್ತೆಯನ್ನು ಕರೆದುಕೊಂಡು ಹೋಗುವುದು, ಹೆಂಡತಿ ಬೇರೆಯಾಗಿ ಮಾವನನ್ನು ಕರೆತರುವುದು. ಒಬ್ಬರಿಗೆ ಇನ್ನೊಬ್ಬರು ಬರುವ ಸುದ್ದಿ ಹೇಳಬಾರದು. ಸ್ಟ್ರಾಂಗ್ ರೂಮಿನಲ್ಲಿ ಎರಡು ಸ್ಟೂಲು ಎದುರುಬದುರು ಇಡುವುದು. ಇಬ್ಬರನ್ನೂ ಉಪಾಯವಾಗಿ ಒಳಗೆ ಕೂರಿಸಿ ಗೇಟು ಎಳೆದು, ಹೊರಗಿಂದ ಬೆನ್ನು ಕೊಟ್ಟು ನಿಲ್ಲುವುದು!

“ಮಾತಾಡದೆ ಎಲ್ಲಿಗೆ ಹೋಗ್ತಾರೆ? ನಾನು ಬೆನ್ನು ಕೊಟ್ಟು ನಿಂತ್ರೆ ಆನೆ ಬಂದ್ರೂ ಗೇಟು ಅಲ್ಲಾಡಲ್ಲ.”

“ಹೆತ್ತೋರನ್ನ ಕೂಡಿ ಹಾಕೋದಾ? ಅವರಿಗೆ ಗೊತ್ತಾದ್ರೆ ನಿಮ್ಮ ಗತಿ?”

“ಯಾರು ಹೇಳ್ತಾರೆ? ನೀನು ಹೇಳಲ್ಲ. ನಾನಂತೂ ಬಾಯಿ ಬಿಡೋ ಪೈಕಿ ಅಲ್ವೇ ಅಲ್ಲ!”

ಹೆಂಡತಿ ಅವರ ಬಾಯನ್ನೇ ಸ್ವಲ್ಪ ಹೊತ್ತು ನೋಡಿ, ಟವೆಲ್ ಕೊಟ್ಟಳು.

ಗ್ಯಾಲರಿಯ ಒಳಗೆ ಕಾಲಿಡುತ್ತಲೇ ಅತ್ತೆಯ ನಡಿಗೆ ಬದಲಾಯಿತು. ಮಂಡಿನೋವಿನವರು ಮಾಯ, ಹೆಡ್ ಕ್ಯಾಷಿಯರ್ ಪ್ರತ್ಯಕ್ಷ! ಬೆನ್ನು ನೆಟ್ಟಗಾಯಿತು, ಕೈಚೀಲ ಕಂಕುಳಿಗೆ ಸೇರಿತು. ಕೌಂಟರಿನ ಮುಂದೆ ನೆಲದ ಕಲ್ಲು ಸವೆದು ತಗ್ಗಾಗಿತ್ತು.

“ಇಲ್ಲೇ ಅಳಿಯಂದ್ರೇ ಕ್ಯೂ ನಿಲ್ತಿದ್ದಿದ್ದು. ಕಾಲು ತಿಕ್ಕಿ ತಿಕ್ಕಿ ಕಲ್ಲೇ ಸವೆದಿದೆ ನೋಡಿ. ನಾನೇನು ನಿಧಾನ ಮಾಡ್ತಿರ್ಲಿಲ್ಲ, ಜನಕ್ಕೇ ಅವಸರ.”

ಅತ್ತೆ ಕೂರುತ್ತಿದ್ದ ಹಿತ್ತಾಳೆ ಸರಳಿನ ಗೂಡಿನೊಳಗೆ ಈಗ ದೊಡ್ಡದೊಂದು ಚಿತ್ರ ತೂಗುತ್ತಿತ್ತು. ಮೇಲಿಂದ ಕೆಳಗೆ ಬರೀ ನೀಲಿ. ಒಂದು ಹಕ್ಕಿಯಿಲ್ಲ, ದೋಣಿಯಿಲ್ಲ.

“ಇದು ಏನಂತೆ?”

ಗ್ಯಾಲರಿ ನೋಡಿಕೊಳ್ಳುವ ಹುಡುಗಿ ಅಲ್ಲೇ ನಿಂತಿದ್ದಳು. ಮುಖದ ಮುಕ್ಕಾಲು ಭಾಗ ಕನ್ನಡಕವೇ. “ಇದರ ಹೆಸರು ‘ಮೌನ’ ಅಂತ, ಮೇಡಂ. ಇಬ್ಬರ ನಡುವಿನ ಮೌನ.”

“ಇದನ್ನ ನೋಡೋಕೆ ಟಿಕೆಟ್ ಬೇರೆ ತಗೊಂಡ್ರಾ?” ಎಂದು ಅತ್ತೆ ಅಳಿಯನ ಕಡೆ ತಿರುಗಿದರು. “ನಮ್ಮನೇಲಿ ಪುಕ್ಕಟೆ ಸಿಗ್ತಿತ್ತಲ್ಲ!”

ಆಮೇಲೆ ಅವರು ಹಾಲಿನ ನಡುವೆ ಹೋಗಿ ತಲೆಯೆತ್ತಿ ಗುಮ್ಮಟ ನೋಡುತ್ತ ನಿಂತುಬಿಟ್ಟರು. ಇಷ್ಟು ವರ್ಷ ಗೂಡಿನೊಳಗಿದ್ದವರಿಗೆ ಆ ಗುಮ್ಮಟ ಕಂಡೇ ಇರಲಿಲ್ಲವಂತೆ. “ಅವರು ಹೇಳ್ತಿದ್ರು, ಚೆನ್ನಾಗಿದೆ ಅಂತ,” ಎಂದರು ಮೆಲ್ಲಗೆ. ಅವರು ಅಂದರೆ ಯಾರೆಂದು ಮೇಷ್ಟ್ರು ಕೇಳಲಿಲ್ಲ. ಗೇರು ತಾನಾಗಿ ಬೀಳುತ್ತಿರುವಾಗ ಕೈ ಹಾಕಬಾರದು!

“ಅತ್ತೆ, ನೀವು ನಿಧಾನಕ್ಕೆ ನೋಡ್ಕೊಂಡು ಸ್ಟ್ರಾಂಗ್ ರೂಂ ಕಡೆ ಬನ್ನಿ. ಅಲ್ಲಿ ಒಳ್ಳೊಳ್ಳೆ ಚಿತ್ರ ಇವೆ. ನಾನು ಮುಂದೆ ಹೋಗಿರ್ತೀನಿ.”

ಸ್ಟ್ರಾಂಗ್ ರೂಂ ಎಂದರೆ ನೆಲಮಾಳಿಗೆಯಲ್ಲಿ ದಪ್ಪ ಗೋಡೆಯ ಉದ್ದನೆಯ ಕೋಣೆ. ಗೋಡೆಗಳ ಮೇಲೆ ಅಂಗೈಯಗಲದ ಚಿತ್ರಗಳು. ಗ್ರಿಲ್ ಗೇಟು ಹಾರುಹೊಡೆದಿತ್ತು. ಎರಡೂ ಬೀಗಗಳಲ್ಲಿ ಹಳೆಯ ಉದ್ದನೆಯ ಕೀಲಿಗಳು ಸಿಕ್ಕಿಸಿದ ಹಾಗೇ ಇದ್ದವು. ಮೇಷ್ಟ್ರು ಒಳಹೊಕ್ಕು, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಸ್ಟೂಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಜಗ್ಗತೊಡಗಿದರು. ಸ್ಟೂಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಲೊಲ್ಲವು.

ಅಷ್ಟರಲ್ಲಿ ಹಾಲಿನ ಕಡೆಯ ಮೆಟ್ಟಿಲಿಂದ ಅತ್ತೆ ಇಳಿದರು, ಪಕ್ಕದ ಬಾಗಿಲ ಮೆಟ್ಟಿಲಿಂದ ಮಾವ ಇಳಿದರು. ಹೆಂಡತಿ ಎಲ್ಲಿ? ಗ್ಯಾಲರಿಯ ಅಂಗಡಿಯಲ್ಲಿ! ಬಟ್ಟೆಯ ಚೀಲಗಳು ಕಣ್ಣಿಗೆ ಬಿದ್ದು “ಅಪ್ಪ, ನೀವು ನಡೀತಿರಿ” ಎಂದಿದ್ದಳು.

ಗೇಟಿನ ಎದುರು ಅತ್ತೆ ಮಾವ ಮುಖಾಮುಖಿ. ತಿಂಗಳ ಮೇಲಾದ ಮೇಲೆ! ಮಾವ ತಡಬಡಿಸಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಅತ್ತೆ ಸೆರಗು ಎಳೆದುಕೊಂಡರು. ಎಲ್ಲಿ ನೋಡಬೇಕೋ ತಿಳಿಯದೆ ಇಬ್ಬರೂ ಎದುರಿಗಿದ್ದ ಗೇಟನ್ನು ನೋಡಿದರು.

ಗೇಟು ತೆರೆದಿತ್ತು! ಸ್ಟ್ರಾಂಗ್ ರೂಮಿನ ಗೇಟು! ಕೀಲಿಗಳು ಬೀಗದಲ್ಲೇ ಇದ್ದವು!

ಎಷ್ಟೋ ವರ್ಷ ಆ ಗೇಟಿಗಾಗಿ ನಿದ್ದೆಯಲ್ಲೂ ಬೆಚ್ಚಿ ಎದ್ದವರು ಅವರು. ಅವರ ತಲೆಗಳು ಏನು ಯೋಚಿಸಿದವೋ ಗೊತ್ತಿಲ್ಲ, ಕೈಗಳು ಯಾರ ಅಪ್ಪಣೆಗೂ ಕಾಯಲಿಲ್ಲ. ಮಾವ ಗೇಟು ಎಳೆದರು. ಅತ್ತೆ ತಮ್ಮ ಕೀಲಿಯನ್ನು ಕೊಂಚ ಮೇಲೆತ್ತಿ, ಅರ್ಧ ಹಿಂದಕ್ಕೆ ತಂದು, ಮುಂದಕ್ಕೆ ತಿರುಗಿಸಿದರು. ಖಟ್! ಮಾವ ತಮ್ಮದನ್ನು ತಿರುಗಿಸಿದರು. ಖಟ್! ಮಾವ ಗೇಟು ಜಗ್ಗಿ ನೋಡಿದರು. ಅತ್ತೆಯೂ ಜಗ್ಗಿ ನೋಡಿದರು. ಭದ್ರ! ಒಂದು ಕೀಲಿ ಕೈಚೀಲಕ್ಕೆ ಇಳಿಯಿತು, ಇನ್ನೊಂದು ಅಂಗಿಯ ಒಳಜೇಬಿಗೆ. ಆಮೇಲೆ ಜಗಳ ನೆನಪಾಗಿ ಇಬ್ಬರೂ ಮುಖ ತಿರುಗಿಸಿ, ಅತ್ತೆ ಮಾರುಕಟ್ಟೆಯ ಕಡೆಗೂ ಮಾವ ಪಾರ್ಕಿನ ಕಡೆಗೂ ಸರಸರನೆ ಹೊರಟೇ ಹೋದರು.

ಮೂಲೆಯಲ್ಲಿ ಕೊನೆಗೂ ಎರಡು ಸ್ಟೂಲುಗಳನ್ನು ಬಿಡಿಸಿ, ವಿಜಯಿಯಾಗಿ ಎದ್ದು ನಿಂತ ಮೇಷ್ಟ್ರಿಗೆ ಕಂಡಿದ್ದು ಮುಚ್ಚಿದ ಗೇಟು.

ತಳ್ಳಿದರು. ಎಳೆದರು. ಬೆನ್ನು ಕೊಟ್ಟರು. ಆನೆಗೇ ಜಗ್ಗದ ಗೇಟು ಮೇಷ್ಟ್ರಿಗೆ ಜಗ್ಗುತ್ತದೆಯೇ? ಫೋನ್ ತೆಗೆದರು. ಆ ಗೋಡೆಯ ದಪ್ಪಕ್ಕೆ ಸಿಗ್ನಲ್ ಕೂಡ ನಾಚಿಕೊಂಡು ಹೊರಗೇ ನಿಂತಿತ್ತು.

“ಯಾರಾದ್ರೂ ಇದೀರಾ? ಗೇಟು ತೆಗೀರಿ!”

ಕನ್ನಡಕದ ಹುಡುಗಿ ಓಡಿ ಬಂದಳು. “ಸರ್, ತಮಾಷೆ ಮಾಡ್ಬೇಡಿ. ಆ ಬೀಗ ತಿರುಗೋದೇ ಇಲ್ಲ. ನಾವು ಎಣ್ಣೆ ಬಿಟ್ಟು, ಬೀಗದವರನ್ನ ಕರೆಸಿ, ಎಲ್ಲಾ ಮಾಡಿ ಕೈಬಿಟ್ಟಿದ್ವಿ. ಅದಕ್ಕೇ ಕೀಲಿ ಅಲ್ಲೇ ಬಿಟ್ಟಿದ್ದು.”

“ತಿರುಗಿದೆ ಕಣಮ್ಮ!”

“ಕೀಲಿ ಎಲ್ಲಿ ಸರ್?”

“ಹೋಗಿದೆ ಕಣಮ್ಮ!”

ಹುಡುಗಿಯ ಕನ್ನಡಕ ಮೂಗಿನ ತುದಿಗೆ ಜಾರಿತು. “ಅಯ್ಯೋ, ಸಂಜೆ ಚಿತ್ರಗಳನ್ನ ಮಾಡಿದವರೇ ಬರ್ತಿದಾರೆ, ಅತಿಥಿಗಳು ಬರ್ತಿದಾರೆ...”

“ಗೇಟು ಕತ್ತರಿಸ್ಬಿಡಿ!”

“ಪುರಾತನ ಗೇಟು ಸರ್. ಮುಟ್ಬೇಕಾದ್ರೆ ಕಮಿಟಿ ಒಪ್ಪಿಗೆ ಬೇಕು. ಕಮಿಟಿ ಮೀಟಿಂಗ್ ಮುಂದಿನ ವಾರ.”

“ಅಲ್ಲೀತನಕ ನಾನು?”

ಹುಡುಗಿ ಒಳಗೆ ಒಮ್ಮೆ ಇಣುಕಿ ನೋಡಿದಳು. “ಸ್ಟೂಲು ಇದೆಯಲ್ಲ ಸರ್,” ಎಂದಳು ಸಮಾಧಾನವಾಗಿ.

ಇದೇ ಹೊತ್ತಿಗೆ ಹೊಸ ಚೀಲ ಹೆಗಲಿಗೇರಿಸಿಕೊಂಡು ಹೆಂಡತಿ ಇಳಿದು ಬಂದಳು. ಗ್ರಿಲ್ಲಿನ ಹಿಂದೆ ಎರಡು ಕೈಯಲ್ಲೂ ಸರಳು ಹಿಡಿದು ನಿಂತ ಗಂಡನನ್ನು ನೋಡಿದಳು.

“ರೀ, ಅಪ್ಪ ಅಮ್ಮ ಎಲ್ಲಿ?”

“ಹೊರಗೆ!”

“ನೀವು?”

“ಒಳಗೆ!”

“ಅದು ಕಾಣ್ತಿದೆ. ಪ್ಲಾನು ಉಲ್ಟಾ ಇತ್ತಲ್ಲ?”

ಅಷ್ಟು ಹೇಳಿ ಅವಳು ನಕ್ಕಳು. ಅಯ್ಯೋ ಆ ನಗು! ಗೋಡೆ ಹಿಡಿದು ನಕ್ಕಳು, ಕಣ್ಣೊರೆಸಿಕೊಂಡು ನಕ್ಕಳು, ಹೊಸ ಚೀಲದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿಸಿ ಖಾಲಿ ಬೀಗಗಳನ್ನು ನೋಡಿದಳು, ಅವನ್ನು ತಿರುಗಿಸಬಲ್ಲ ಕೈಗಳು ಯಾರವೆಂದು ಹೊಳೆದು ಓಡಿದಳು.

ಅತ್ತೆ ಮಾರುಕಟ್ಟೆಯ ತಿರುವಿನಲ್ಲಿ ಸಿಕ್ಕರು. “ಅಮ್ಮ, ಕೀಲಿ ಕೊಡು!” ಎಂದಾಗ ಕೈಚೀಲ ತೆರೆದು ತಾವೇ ಬೆಚ್ಚಿದರು. “ಅಯ್ಯೋ, ಇದು ಹೇಗೆ ಬಂತು ಇಲ್ಲಿಗೆ?” ಆದರೆ ಕೊಡಲಿಲ್ಲ. “ಕೀಲಿ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ ಕಣೆ. ನಾನೇ ಬರ್ತೀನಿ.” ಮಾವ ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಅವರದೂ ಅದೇ ರಾಗ, “ಕೀಲಿ ಕೈ ಬದಲಾಗಬಾರದಮ್ಮ. ನಾನೇ ಬರ್ತೀನಿ.” ಅಂತೂ ಎರಡು ದಾರಿಯಲ್ಲಿ ಹೋದವರು ಎರಡು ದಾರಿಯಲ್ಲೇ ವಾಪಸು ಬಂದರು.

ಕೀಲಿಗಳು ಬೀಗದೊಳಗೆ ಹೋದವು. ಈಗ ಒಟ್ಟಿಗೆ ತಿರುಗಿಸಬೇಕು. ಅಂದರೆ ಮಾತಾಡಬೇಕು!

ಅತ್ತೆ ಗ್ರಿಲ್ಲಿನೊಳಗಿನ ಅಳಿಯನತ್ತ ತಿರುಗಿದರು. “ಅಳಿಯಂದ್ರೇ, ನಿಮ್ಮ ಮಾವನಿಗೆ ಹೇಳಿ, ನಾನು ತಯಾರು ಅಂತ.”

ಮಾವ ನಿಂತಿದ್ದು ಅತ್ತೆಯ ಮೊಣಕೈ ತಾಗುವಷ್ಟು ಹತ್ತಿರ!

“ಮಾವ, ಅತ್ತೆ ಹೇಳ್ತಿದಾರೆ...”

“ಕೇಳಿಸ್ತು. ನಿಮ್ಮ ಅತ್ತೆಗೆ ಹೇಳಿ, ‘ಆಯ್ತಾ’ ಅಂತ ಕೇಳಿ, ‘ಆಯ್ತು’ ಅಂತ ಹೇಳಿದ್ರೇನೇ ಈ ಬೀಗ ತೆಗೆಯೋದು. ಅವಳಿಗೂ ಗೊತ್ತದು.”

“ಅತ್ತೆ, ಮಾವ ಹೇಳ್ತಿದಾರೆ...”

“ನಾನೇನು ಕಿವುಡಿಯಾ? ಅಡುಗೆಮನೆ ಬೋರಲು ಹಾಕೋವಾಗ ಕೇಳದ ಬಾಯಿ ಈಗ ‘ಆಯ್ತಾ’ ಅಂತ ಕೇಳುತ್ತಾ ಅಂತ ವಿಚಾರಿಸಿ.”

ಮೇಷ್ಟ್ರು ಮಾವನತ್ತ ತಿರುಗಿದರು. ದೂತನಾದವನು ಕೊಂಚ ಸಕ್ಕರೆ ಬೆರೆಸಬೇಕಲ್ಲವೇ? “ಮಾವ, ಅತ್ತೆ ನಿಮ್ಮ ಬಾಯಿಯ ಆರೋಗ್ಯ ವಿಚಾರಿಸ್ತಿದಾರೆ.”

“ಏನು?” ಎಂದರು ಇಬ್ಬರೂ ಒಟ್ಟಿಗೆ. ಹುಬ್ಬುಗಳು ಕೂಡ ಒಟ್ಟಿಗೇ ಏರಿದವು. ಕೀಲಿಗಳು ಮಾತ್ರ ಒಟ್ಟಿಗೆ ತಿರುಗಲೊಲ್ಲವು.

“ಹೋಗ್ಲಿ, ನಾನೇ ಹೇಳ್ತೀನಿ!” ಎಂದು ಮೇಷ್ಟ್ರು ತಮ್ಮ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿದರು. “ಕ್ಲಚ್ ಬಿಡೋ ಥರ, ನಿಧಾನಕ್ಕೆ, ಗಾಬರಿ ಬೇಡ. ಒಂದು... ಎರಡು... ಮೂರು!”

ಮಾವ ‘ಎರಡು’ ಮುಗಿಯುವ ಮೊದಲೇ ತಿರುಗಿಸಿದರು. ಅತ್ತೆ ‘ಮೂರು’ ತಣ್ಣಗಾದ ಮೇಲೆ ತಿರುಗಿಸಿದರು.

“ಮೂರು ಅನ್ನೋವಾಗ್ಲಾ, ಅಂದಮೇಲಾ?” ಎಂದು ಅತ್ತೆ ಅಳಿಯನನ್ನೇ ದಬಾಯಿಸಿದರು. “ಸರಿಯಾಗಿ ಹೇಳಿಕೊಡೋಕೆ ಬರಲ್ವಾ? ನಿಮ್ಮ ಹತ್ರ ಕಲಿತವರು ರಸ್ತೇಲಿ ಹೇಗೆ ಓಡಿಸ್ತಾರೋ!”

ಹೆಂಡತಿ ಮತ್ತೆ ಚೀಲದಲ್ಲಿ ಮುಖ ಮುಚ್ಚಿಕೊಂಡಳು. ಕನ್ನಡಕದ ಹುಡುಗಿ ಮಾತ್ರ ಅಳುವ ಹಾಗಾಗಿದ್ದಳು. “ಆಂಟಿ, ಅಂಕಲ್, ದಯವಿಟ್ಟು ಒಂದ್ಸಲ ಮಾತಾಡಿ. ಒಂದೊಂದೇ ಪದ ಸಾಕು.”

ಆ ಹುಡುಗಿಯ ಮುಖ ನೋಡಿಯೋ ಏನೋ, ಅತ್ತೆ ಕೀಲಿಯ ಮೇಲಿನ ಕೈ ತೆಗೆಯದೆ, ಎದುರಿನ ಸರಳಿಗೆ ಹೇಳುವಂತೆ ಹೇಳಿದರು. “ಪದಕ್ಕೇನಮ್ಮ ಬರ? ಜೀವಮಾನವೆಲ್ಲ ನನ್ನ ಕೇಳದೆ ಒಂದು ಬಾಗಿಲು ತೆಗೆದವರಲ್ಲ ಇವರು. ರಿಟೈರ್ ಆಗಿದ್ದೇ ತಡ, ನನ್ನ ಡಬ್ಬಿಗಳನ್ನೆಲ್ಲ ಒಬ್ಬರೇ ತೆಗೆದು ಒಬ್ಬರೇ ಇಟ್ರು. ನಾನು ಯಾಕೆ ಬೇಕಿನ್ನು?”

ಅತ್ತೆಯ ದನಿ ಕೊನೆಯಲ್ಲಿ ಸಣ್ಣಗೆ ಮುರಿ​ಯಿತು. ಸ್ಟ್ರಾಂಗ್ ರೂಮಿನೊಳಗೆ ಮೇಷ್ಟ್ರು ಮೊದಲ ಸಲ ಸೋಫಾ ಮರೆತರು.

ಮಾವ ಕೀಲಿಯನ್ನೇ ನೋಡುತ್ತ ಅಂದರು, “ಅಕ್ಕಿ ಮೇಲಿಟ್ಟೆ.”

“ಗೊತ್ತು. ಅ ಮೊದಲ ಅಕ್ಷರ. ದೊಡ್ಡ ಪಂಡಿತರು!”

“ಅಕ್ಷರ ಗಿಕ್ಷರ ಎಲ್ಲಾ ನೆಪ ಕಣೆ.” ಮಾವನ ಕಿವಿ ಕೆಂಪಾಯಿತು. “ನಿನಗೆ ಎಟಕಬಾರದು ಅಂತಲೇ ಇಟ್ಟೆ. ಅಕ್ಕಿ ಬೇಕಾದ್ರೆ ದಿನಾ ಬೆಳಿಗ್ಗೆ ನನ್ನ ಕರೀತೀಯಲ್ಲ ಅಂತ. ನಾನು ಡಬ್ಬಿ ಇಳಿಸೋದು, ನೀನು ಅಳತೆ ತೆಗೆಯೋದು. ಅಡುಗೆಮನೆ ನಿಂದು, ಹಿತ್ತಿಲು ನಿಂದು, ಅಕ್ಕಪಕ್ಕದ ಜನ ಎಲ್ಲಾ ನಿನಗೇ ಗೊತ್ತು. ಕೆಲಸ ಬಿಟ್ಟ ಮೇಲೆ ಆ ಮನೇಲಿ ನನ್ನ ಕೈಲಿ ಒಂದು ಕೀಲಿನೂ ಇರ್ಲಿಲ್ಲ.”

ಕನ್ನಡಕದ ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು.

ಅತ್ತೆ ಮೂಗು ಏರಿಸಿದರು. “ಹಾಗಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಹೇಳೋಷ್ಟರಲ್ಲಿ ನೀನು ಸೂಟ್‌ಕೇಸ್ ತೆಗೆದಿದ್ದೆ.”

“ತಡೀಬೇಕಿತ್ತು.”

“ಅಕ್ಕಿ ಡಬ್ಬಿ ಎತ್ತಿ ಸೊಂಟ ಹಿಡ್ಕೊಂಡಿತ್ತು. ಏಳೋಕಾಗ್ಲಿಲ್ಲ.”

ಅತ್ತೆ ಫಕ್ಕನೆ ನಕ್ಕುಬಿಟ್ಟರು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು. “ಸರಿ, ಅಕ್ಕಿ ಅಲ್ಲೇ ಇರ್ಲಿ. ನಾನು ಕರೀತೀನಿ, ನೀವೇ ಇಳಿಸಿಕೊಡಿ. ಆದ್ರೆ ಉಪ್ಪು, ಸಕ್ಕರೆ ಅವುಗಳ ಜಾಗಕ್ಕೆ ಬರ್ಬೇಕು. ನಾಳೆನೇ ಬರ್ತೀನಿ.”

“ಇವತ್ತೇ ಬಾ,” ಎಂದರು ಮಾವ.

“ಇವತ್ತೇ ಬರ್ತೀನಿ.”

ಇವತ್ತೇ! ಮೇಷ್ಟ್ರ ಕಿವಿಗೆ ಅದು ಮಂಗಳವಾದ್ಯದಂತೆ ಕೇಳಿತು. ಹಾಸಿಗೆ! ತಮ್ಮದೇ ಹಾಸಿಗೆ! ಕಾಲು ನೀಡಿದಷ್ಟೂ ಉದ್ದ!

ಮಾವ ಕೀಲಿಯ ಮೇಲೆ ಬೆರಳು ಭದ್ರಪಡಿಸಿ, ಹೆಂಡತಿಯ ಕಡೆ ಬಾಗಿ, ತರುಣ ಅಕೌಂಟೆಂಟನ ದನಿಯಲ್ಲಿ ಕೇಳಿದರು, “ಆಯ್ತಾ?”

ಅತ್ತೆ ಬಾಯಿ ತೆರೆದರು. ಇನ್ನೇನು ಆ ಒಂದು ಪದ ಬರಬೇಕು. ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಸುಮ್ಮನಿರಬೇಕು. ಆದರೆ ಗೆದ್ದ ಸಂತೋಷ ಮೇಷ್ಟ್ರ ನೆತ್ತಿಗೇರಿತ್ತು.

“ನೋಡಿದ್ಯೇನೇ!” ಎಂದು ಅವರು ಒಳಗಿಂದ ಹೆಂಡತಿಗೆ ಕೂಗಿದರು. “ಮಾತಾಡಿಸ್ತೀನಿ ಅಂದೆ, ಮಾತಾಡಿಸ್ದೆ! ಯಾರ ತಲೆ ಇದು? ಪ್ಲಾನು ಅಂದ್ರೆ ಹೀಗಿರ್ಬೇಕು!”

ಹೆಂಡತಿ ಕಣ್ಣು ಬಿಟ್ಟಳು, ತುಟಿಯ ಮೇಲೆ ಬೆರಳಿಟ್ಟಳು, ತಲೆ ಅಲ್ಲಾಡಿಸಿದಳು. ಇಷ್ಟು ಸಿಗ್ನಲ್ ಬಿದ್ದರೂ ಮೇಷ್ಟ್ರು ನಿಲ್ಲಿಸಲಿಲ್ಲ.

ಅತ್ತೆಯ ಬಾಯಲ್ಲಿದ್ದ ಪದ ಅಲ್ಲೇ ನಿಂತಿತು. “ಏನು ಪ್ಲಾನು ಅಳಿಯಂದ್ರೇ?”

“ಅಯ್ಯೋ, ಅದೊಂದು ಭಾರೀ ಪ್ಲಾನು ಅತ್ತೆ! ನಿಮ್ಮಿಬ್ಬರನ್ನೂ ನೈಸಾಗಿ ಒಳಗೆ ಕೂರಿಸಿ, ಗೇಟು ಎಳೆದು, ನಾನು ಹೊರಗಿಂದ ಬೆನ್ನು ಕೊಟ್ಟು...”

ಇಲ್ಲಿಗೆ ಬಂದ ಮೇಲೆ ಮೇಷ್ಟ್ರಿಗೆ ತಮ್ಮ ದನಿ ತಮಗೇ ಕೇಳಿಸಿತು. ಬ್ರೇಕ್ ಒತ್ತಿದರು. ಆದರೆ ಗಾಡಿ ಆಗಲೇ ಗೋಡೆಗೆ ಗುದ್ದಿ ಆಗಿತ್ತು.

ಅತ್ತೆ ಮಾವನನ್ನು ನೋಡಿದರು. ಮಾವ ಅತ್ತೆಯನ್ನು ನೋಡಿದರು. ಒಂದು ಮಾತಿಲ್ಲ, ಕತೆಯಿಲ್ಲ. ಎಷ್ಟೋ ವರ್ಷ ಒಂದೇ ಬಾಗಿಲು ಕಾದವರ ನಡುವೆ ಮಾತು ಯಾಕೆ ಬೇಕು? ಎರಡು ಕೀಲಿಗಳೂ ಒಂದೇ ಉಸಿರಿಗೆ ಬೀಗದಿಂದ ಹೊರಬಂದವು. ಒಂದು ಕೈಚೀಲಕ್ಕೆ ಇಳಿಯಿತು, ಇನ್ನೊಂದು ಒಳಜೇಬಿಗೆ.

“ಬಾಯಿ ಒಣಗಿದೆ,” ಎಂದರು ಮಾವ. “ಟೀ ಕುಡಿಯೋಣ್ವಾ?”

“ನಡೀರಿ. ಹಾಗೇ ಆ ಗುಮ್ಮಟ ತೋರ್ಸಿ. ನೀವು ಹೇಳ್ತಿದ್ದಾಗ ಎಲ್ಲಿ ನೋಡಿದ್ದೆ ನಾನು.”

ಇಬ್ಬರೂ ಜೊತೆಜೊತೆಯಾಗಿ ಮೆಟ್ಟಿಲು ಹತ್ತಿದರು. ಅತ್ತೆಯ ಮಂಡಿ ಎಳೆದಾಗ ಮಾವ ಕೈ ಕೊಟ್ಟರು.

“ಮಾವ! ಅತ್ತೆ! ನಾನು? ಲೇ, ನೀನಾದ್ರೂ ಹೇಳೇ!” ಎಂದು ಮೇಷ್ಟ್ರು ಸರಳು ಹಿಡಿದು ಜಗ್ಗಿದರು.

ಹೆಂಡತಿ ಹೊಸ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಗ್ರಿಲ್ಲಿನ ಹತ್ತಿರ ಬಂದು, ಸರಳುಗಳ ಸಂದಿಯನ್ನು ಬೆರಳಿಂದ ಅಳತೆ ಹಾಕಿದಳು.

“ಗಾಬರಿ ಬೇಡ ರೀ. ನಿಮಗೆ ಪಾರ್ಸೆಲ್ ತರ್ತೀನಿ,” ಎಂದಳು. “ಲೋಟ ತೂರುತ್ತೆ.”